ಯೂನಿವರ್ಸಿಟಿಯಲ್ಲಿ ಜರ್ಮನ್ ಓದುತ್ತಿದ್ದೇನೆ, ಇಷ್ಟೊಂದು ಸಾಮಗ್ರಿಯಲ್ಲಿ ಯಾವುದನ್ನು ಹಿಡಿಯಲಿ?

ನವಿಲುಗರಿ:

ಎಲ್ಲರಿಗೂ ನಮಸ್ಕಾರ. ನಾನು ಯೂನಿವರ್ಸಿಟಿಯಲ್ಲಿ ಜರ್ಮನ್ ಮುಖ್ಯ ವಿಷಯ ತೆಗೆದುಕೊಂಡಿದ್ದೇನೆ, ಈಗ ಎರಡನೇ ಸೆಮಿಸ್ಟರ್. ಸೇರುವ ಮುಂಚೆ ಎ2, ಅಂದರೆ ಎ1ರಿಂದ ಸಿ2ವರೆಗಿನ ಆರು ಮಟ್ಟಗಳಲ್ಲಿ ಎರಡನೆಯದು, ಮುಗಿದಿತ್ತು. ಭಾಷೆಯ ಕ್ಲಾಸು ಚೆನ್ನಾಗಿಯೇ ನಡೆಯುತ್ತಿದೆ. ನಿಮ್ಮ ಹವ್ಯಾಸ ಏನು, ರೈಲು ಎಷ್ಟು ಗಂಟೆಗೆ, ವಾರಾಂತ್ಯದಲ್ಲಿ ಏನು ಮಾಡಿದಿರಿ, ಇದೆಲ್ಲ ಬರುತ್ತದೆ. ಆದರೆ ಅದು ಮುಗಿದ ಕೂಡಲೇ ಸಾಹಿತ್ಯದ ಕ್ಲಾಸು. ಅಲ್ಲಿ ಹತ್ತು ಪುಟದ ಕಥೆ ಕೈಗೆ ಕೊಟ್ಟು, ಮುಂದಿನ ವಾರ ಇದರ ನಿರೂಪಕನ ಬಗ್ಗೆ ಜರ್ಮನ್‌ನಲ್ಲೇ ಮಾತಾಡಬೇಕು ಅನ್ನುತ್ತಾರೆ. ಆಮೇಲೆ ಭಾಷಾವಿಜ್ಞಾನ. ಹವ್ಯಾಸದಿಂದ ನಿರೂಪಕನವರೆಗೆ ಹೋಗಲು ನಡುವೆ ಒಂದು ಮೆಟ್ಟಿಲೂ ಇಲ್ಲ.

ಸಾಮಗ್ರಿ ಸಿಗುತ್ತಿಲ್ಲ ಅಂತಲ್ಲ, ಜಾಸ್ತಿ ಆಗಿದೆ. ಸೀನಿಯರ್‌ಗಳನ್ನು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಪಟ್ಟಿ ಕಳಿಸುತ್ತಾರೆ. ಮೊಬೈಲ್‌ನಲ್ಲಿ ಆ್ಯಪ್‌ಗಳು, ಬ್ರೌಸರ್ ತುಂಬ ಬುಕ್‌ಮಾರ್ಕು, ಮೇಜಿನ ಮೇಲೆ ಮೂರು ವ್ಯಾಕರಣದ ಪುಸ್ತಕ. ಎಲ್ಲದರಲ್ಲೂ ಮೊದಲ ಅಧ್ಯಾಯ ಮಾತ್ರ ಓದಿ ಆಗಿದೆ.

ಇನ್ನೊಂದು ಕಿರಿಕಿರಿ. ಎಲ್ಲವೂ ಇಂಗ್ಲಿಷ್ ಮೂಲಕ. ಡಿಕ್ಷನರಿ ಇಂಗ್ಲಿಷ್, ವ್ಯಾಕರಣದ ವಿವರಣೆ ಇಂಗ್ಲಿಷ್. ಯೋಚನೆ ಹುಟ್ಟುವುದು ಕನ್ನಡದಲ್ಲಿ, ಅದನ್ನು ಇಂಗ್ಲಿಷ್‌ಗೆ ತಂದು ಅಲ್ಲಿಂದ ಜರ್ಮನ್‌ಗೆ ಸಾಗಿಸುವಷ್ಟರಲ್ಲಿ ಚರ್ಚೆ ಮುಂದಿನ ಪುಟಕ್ಕೆ ಹೋಗಿರುತ್ತದೆ.

ದಯವಿಟ್ಟು ಐವತ್ತು ಲಿಂಕ್ ಕೊಡಬೇಡಿ. ನಾಲ್ಕೈದು ಮಾತ್ರ ಇಟ್ಟುಕೊಳ್ಳಬಹುದು ಅಂದರೆ ನೀವು ಯಾವುದನ್ನು ಇಟ್ಟುಕೊಳ್ಳುತ್ತೀರಿ? ಡಿಕ್ಷನರಿ ಯಾವುದು, ಕೇಳುವುದಕ್ಕೆ ಯಾವುದು, ಆ ಉದ್ದುದ್ದ ವಾಕ್ಯಗಳನ್ನು ಬಿಡಿಸುವುದು ಹೇಗೆ? ಅನುವಾದದ ಸಾಫ್ಟ್‌ವೇರ್ ಬಳಸಿದರೆ ಕಲಿಕೆ ಹಾಳಾಗುತ್ತದಾ? ಉಚಿತವಾಗಿ ಸಿಗುವುದಿದ್ದರೆ ಇನ್ನೂ ಒಳ್ಳೆಯದು.

ಹಳೆ ಬೆಂಚು:

ನವಿಲುಗರಿ ಅವರೇ, ಇದೇ ಡಿಗ್ರಿ ಮುಗಿಸಿ ಹೊರಗೆ ಬಂದವನು ನಾನು. ನಿಮ್ಮ ಮೂರು ವ್ಯಾಕರಣದ ಪುಸ್ತಕಗಳಲ್ಲಿ ಎರಡನ್ನು ಇವತ್ತೇ ಯಾರಿಗಾದರೂ ಕೊಟ್ಟುಬಿಡಿ. ಯಾವ ಎರಡು ಅಂತ ಕೇಳಬೇಡಿ. ಯಾವುದು ಉಳಿದರೂ ನಡೆಯುತ್ತದೆ.

ಡಿಕ್ಷನರಿ ಮೊದಲು. ಲಿಯೋ, ಪೋನ್ಸ್ ಥರದ ಎರಡು ಭಾಷೆಯ ಡಿಕ್ಷನರಿಗಳು ಅವಸರಕ್ಕೆ ಸರಿ. ಆದರೆ ಯೂನಿವರ್ಸಿಟಿ ಓದಿಗೆ ಡಿಡಬ್ಲ್ಯೂಡಿಎಸ್ ಬೇಕೇ ಬೇಕು. ಬರ್ಲಿನ್-ಬ್ರಾಂಡನ್‌ಬುರ್ಗ್ ವಿಜ್ಞಾನ ಅಕಾಡೆಮಿ ನಡೆಸುವ ಡಿಜಿಟಲ್ ಡಿಕ್ಷನರಿ ಅದು, ಪೂರ್ತಿ ಉಚಿತ. ಅರ್ಥ ಜರ್ಮನ್‌ನಲ್ಲೇ ಇರುತ್ತದೆ, ಮೊದಮೊದಲು ಹೆದರಿಕೆ ಆಗುತ್ತದೆ. ಅರ್ಥಕ್ಕಾಗಿಯೇ ಅಲ್ಲಿಗೆ ಹೋಗಬೇಕು ಅಂತೇನಿಲ್ಲ. ಕೆಳಗೆ ಸ್ಕ್ರೋಲ್ ಮಾಡಿದರೆ ಆ ಪದದ ಜೊತೆ ಯಾವ ಪದಗಳು ಹೆಚ್ಚು ಓಡಾಡುತ್ತವೆ ಅಂತ ತೋರಿಸುವ ಒಂದು ಭಾಗ ಇದೆ, ಅದರ ಹೆಸರು ವೊರ್ಟ್‌ಪ್ರೊಫೀಲ್. ಅಲ್ಲಿ ‘ಎಂಟ್‌ಶೈಡುಂಗ್’ ಅಂತ ಹುಡುಕಿ ನೋಡಿ. ನಾವು ನಿರ್ಧಾರವನ್ನು ತೆಗೆದುಕೊಳ್ಳುತ್ತೇವೆ, ಅವರು ‘ಟ್ರೆಫನ್’ ಮಾಡುತ್ತಾರೆ. ಪ್ರಶ್ನೆಯನ್ನು ನಾವು ಕೇಳಿದರೆ ಅವರು ‘ಶ್ಟೆಲ್ಲನ್’ ಮಾಡುತ್ತಾರೆ, ಅಂದರೆ ಇಡುತ್ತಾರೆ. ಪ್ರಬಂಧದಲ್ಲಿ ಮೇಷ್ಟ್ರು ಕೆಂಪು ಗೆರೆ ಎಳೆಯುವುದು ಬಹುಪಾಲು ಇಂಥ ಜೋಡಿಗಳ ಕೆಳಗೇ ಹೊರತು ವ್ಯಾಕರಣದ ಕೆಳಗಲ್ಲ. ಪದದ ಮೂಲ ಎಲ್ಲಿಂದ ಬಂತು ಅನ್ನುವುದೂ ಅದೇ ಪುಟದಲ್ಲಿ ಸಿಗುತ್ತದೆ, ಭಾಷಾವಿಜ್ಞಾನದ ಪೇಪರಿಗೆ ಉಪಯೋಗ.

ಕಾಗುಣಿತದ ಅನುಮಾನಕ್ಕೆ ಡೂಡನ್. ಕೊನ್ರಾಡ್ ಡೂಡನ್ 1880ರಲ್ಲಿ ಹೊರತಂದ ಡಿಕ್ಷನರಿಯ ಮನೆತನ ಅದು, ಇವತ್ತಿಗೂ ಜಗಳ ಬಂದರೆ ಜರ್ಮನ್ನರು ಅದನ್ನೇ ತೆಗೆದು ತೋರಿಸುತ್ತಾರೆ.

ಕಥೆ ಓದುವುದಕ್ಕೆ ರೆಕ್ಲಾಮ್ ಪ್ರಕಾಶನದ ಸಣ್ಣ ಹಳದಿ ಪುಸ್ತಕಗಳು. ನಿಮ್ಮ ಲೈಬ್ರರಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ. 1867ರಲ್ಲಿ ಲೈಪ್‌ತ್ಸಿಗ್‌ನಲ್ಲಿ ಶುರುವಾದ ಮಾಲೆ. ಸತ್ತು ಮೂವತ್ತು ವರ್ಷ ದಾಟಿದ ಲೇಖಕರ ಕೃತಿಗಳ ಮೇಲಿನ ಹಕ್ಕು ಆ ವರ್ಷ ಮುಗಿಯಿತು, ಗೊಯ್ಥೆ, ಶಿಲ್ಲರ್ ಎಲ್ಲರನ್ನೂ ಯಾರು ಬೇಕಾದರೂ ಅಚ್ಚು ಹಾಕಬಹುದಾಯಿತು, ರೆಕ್ಲಾಮ್ ಅಗ್ಗದ ಪುಸ್ತಕ ಇಟ್ಟುಕೊಂಡು ಕಾಯುತ್ತಲೇ ಕೂತಿತ್ತು. ನಿಮಗೆ ಬೇಕಾದ್ದು ಹಳದಿ ಅಲ್ಲ, ಕಿತ್ತಳೆ. ಕಿತ್ತಳೆ ರಟ್ಟಿನವು ಎರಡು ಭಾಷೆಯವು, ಎದುರೆದುರು ಪುಟ. ಒಂದು ಕಡೆ ಜರ್ಮನ್, ಇನ್ನೊಂದು ಕಡೆ ಬೇರೆ ಭಾಷೆ. ಜರ್ಮನ್‌ನಲ್ಲಿ ಅರ್ಥವಾಗದ ಕಡೆ ಎದುರಿನ ಪುಟಕ್ಕೆ ಕಣ್ಣು ಹಾಯಿಸಿ ವಾಪಸ್ ಬರಬಹುದು.

ಹಾಗೂ ಗ್ರಿಮ್ ಸಹೋದರರ ಕಥೆಗಳು. ಮಕ್ಕಳ ಕಥೆ ಅಂತ ಮೂಗು ಮುರಿಯಬೇಡಿ. ಕಥೆ ಮೊದಲೇ ಗೊತ್ತಿರುವುದರಿಂದ ಊಹೆ ಸುಲಭ. ಭೂತಕಾಲದ ಪ್ರೆಟೆರಿಟುಮ್ ರೂಪಗಳು ಸಾಲು ಸಾಲಾಗಿ ಬರುತ್ತವೆ. ಮಾತಿನಲ್ಲಿ ಅಪರೂಪ, ಸಾಹಿತ್ಯದಲ್ಲಿ ಎಲ್ಲೆಲ್ಲೂ ಅದೇ. ಅಂದಹಾಗೆ ಆ ಅಣ್ಣತಮ್ಮ ಒಂದು ದೊಡ್ಡ ಡಿಕ್ಷನರಿಯನ್ನೂ ಶುರು ಮಾಡಿದ್ದರು. ಮೊದಲ ಸಂಪುಟ 1854ರಲ್ಲಿ ಬಂತು. ಯಾಕೋಬ್ ಗ್ರಿಮ್ ‘ಫ್ರುಖ್ಟ್’, ಅಂದರೆ ಹಣ್ಣು, ಅನ್ನುವ ಪದದವರೆಗೆ ಬಂದು ತೀರಿಕೊಂಡ. ಕೆಲಸ ಮುಗಿದಿದ್ದು 1961ರಲ್ಲಿ. ನಿಮ್ಮ ಅಸೈನ್‌ಮೆಂಟ್ ಒಂದು ವಾರ ತಡವಾದರೆ ಬೈಯುವವರಿಗೆ ಇದನ್ನು ಹೇಳಿ ನೋಡಿ.

ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿದೆ, ಬರೆಯುವುದಿಲ್ಲ. ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿಸುವ ಆ್ಯಂಕಿ ಒಂದನ್ನು ಇಟ್ಟುಕೊಳ್ಳಿ, ಅದೂ ಬೇರೆಯವರು ಮಾಡಿಟ್ಟ ಕಾರ್ಡುಗಳಲ್ಲ. ನೀವು ಓದಿದ ಕಥೆಯ ವಾಕ್ಯವನ್ನೇ ಕಾರ್ಡಿಗೆ ಹಾಕಿ. ನಾಮಪದ ಆದರೆ ಲಿಂಗ ತೋರಿಸುವ ಡೆರ್, ಡೀ, ಡಾಸ್‌ಗಳಲ್ಲಿ ಸರಿಯಾದದ್ದು ಮತ್ತು ಬಹುವಚನ ಎರಡನ್ನೂ ಸೇರಿಸಿ. ಬರಿ ಪದ ಹಾಕಿದರೆ ಅರ್ಧ ಕೆಲಸ.

ತುಂಟಗಾಳಿ:

ಎಲ್ಲರೂ ಡಿಕ್ಷನರಿ, ಗ್ರಿಮ್ ಅಂತ ಹೇಳುತ್ತೀರಲ್ಲ, ಬಾಯಿ ಬಿಟ್ಟು ಮಾತಾಡುವುದು ಯಾವಾಗ? ನಾನು ಯೂನಿವರ್ಸಿಟಿಯಲ್ಲಿ ಓದಿದವನಲ್ಲ, ಕೆಲಸಕ್ಕಾಗಿ ಕಲಿತವನು. ಟ್ಯಾಂಡಮ್ ಗೆಳೆಯ ಒಬ್ಬ ಸಿಕ್ಕ ಮೇಲೆಯೇ ಭಾಷೆ ನಾಲಿಗೆಗೆ ಬಂತು. ಅರ್ಧ ಗಂಟೆ ಅವನ ಭಾಷೆ, ಅರ್ಧ ಗಂಟೆ ನನ್ನ ಭಾಷೆ. ನಿಮ್ಮ ಯೂನಿವರ್ಸಿಟಿಗೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್‌ನಿಂದ ವಿನಿಮಯದ ವಿದ್ಯಾರ್ಥಿಗಳು ಬರುತ್ತಾರಾ ವಿಚಾರಿಸಿ. ಅಂತರರಾಷ್ಟ್ರೀಯ ವಿಭಾಗದ ಕಚೇರಿಯಲ್ಲಿ ಹೇಳಿದರೆ ಗೊತ್ತು ಮಾಡಿಕೊಡುತ್ತಾರೆ.

ಕೇಳುವುದಕ್ಕೆ ಯೂಟ್ಯೂಬ್‌ನಲ್ಲಿ ಈಸಿ ಜರ್ಮನ್. ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಕೆಳಗೆ ಎರಡು ಭಾಷೆಯಲ್ಲಿ ಸಬ್‌ಟೈಟಲ್. ಪಠ್ಯಪುಸ್ತಕದ ಸಿ.ಡಿ.ಯಲ್ಲಿ ಯಾರೂ ತೊದಲುವುದಿಲ್ಲ, ಅರ್ಧಕ್ಕೆ ಮಾತು ನಿಲ್ಲಿಸುವುದಿಲ್ಲ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ‘ಹಾಲ್ಟ್’, ‘ಯಾ’, ‘ಡೊಖ್’, ‘ಮಾಲ್’ ಅಂತ ಪ್ರತಿ ವಾಕ್ಯಕ್ಕೂ ಒಂದು ಒಗ್ಗರಣೆ. ನಾವು ‘ಅಲ್ವಾ’, ‘ತಾನೇ’, ‘ಸುಮ್ನೆ’ ಅಂತ ಹಾಕುತ್ತೇವಲ್ಲ ಹಾಗೆ. ಅವನ್ನು ವ್ಯಾಕರಣದ ಪುಸ್ತಕದಿಂದ ಕಲಿಯಲು ಹೋದವರು ಇನ್ನೂ ಓದುತ್ತಲೇ ಇದ್ದಾರೆ.

ನವಿಲುಗರಿ:

ಹಳೆ ಬೆಂಚು ಅವರೇ, ಯಾಕೋಬ್ ಗ್ರಿಮ್ ವಿಷಯ ಓದಿ ಜೋರಾಗಿ ನಕ್ಕೆ. ವೊರ್ಟ್‌ಪ್ರೊಫೀಲ್ ಈಗಷ್ಟೇ ತೆರೆದು ನೋಡಿದೆ, ‘ಎಂಟ್‌ಶೈಡುಂಗ್’ ಪಕ್ಕದಲ್ಲಿ ‘ಟ್ರೆಫನ್’ ಜೊತೆ ‘ಫೆಲ್ಲನ್’ ಕೂಡ ಇದೆ. ನಿರ್ಧಾರವನ್ನು ಮರದ ಹಾಗೆ ಕಡಿದು ಬೀಳಿಸುತ್ತಾರೆ ಅಂತಾಯಿತು!

ತುಂಟಗಾಳಿ ಅವರೇ, ಮಾತಾಡಬೇಕು ನಿಜ. ಆದರೆ ಈಗ ನನ್ನ ಕುತ್ತಿಗೆಗೆ ಬಂದಿರುವುದು ಓದು. ಒಂದು ವಾಕ್ಯ ಐದು ಸಾಲು ಹೋಗುತ್ತದೆ. ಕೊನೆಗೆ ಬರುವಷ್ಟರಲ್ಲಿ ಶುರುವಿನಲ್ಲಿ ಯಾರಿದ್ದರು ಅನ್ನುವುದೇ ಮರೆತಿರುತ್ತದೆ. ಇದಕ್ಕೇನಾದರೂ ದಾರಿ ಇದೆಯಾ?

ಮೇಷ್ಟ್ರು:

ನಾನು ಜರ್ಮನ್ ಕಲಿಸುವವನು. ಈ ಪ್ರಶ್ನೆಗೆ ಉತ್ತರ ಕೊಡಲು ಇಷ್ಟ, ಯಾಕೆಂದರೆ ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಅದನ್ನು ಯಾರೂ ಬಳಸುವುದಿಲ್ಲ.

ಇಂಗ್ಲಿಷ್‌ನಲ್ಲಿ ಬರೆದ ವ್ಯಾಕರಣದ ಪುಸ್ತಕ ತೆರೆದರೆ ಅಲ್ಲಿ ಒಂದು ದೂರು ಮೊದಲಿಂದ ಕೊನೆಯವರೆಗೂ ಇರುತ್ತದೆ: ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಹೋಗಿಬಿಡುತ್ತದೆ, ಅದು ವಿಚಿತ್ರ, ಅಭ್ಯಾಸ ಮಾಡಿಕೊಳ್ಳಿ. ವಿಚಿತ್ರ ಯಾರಿಗೆ? ಅವರಿಗೆ. ‘ಡಸ್ ಎರ್ ಮೊರ್ಗನ್ ಕೊಮ್ಟ್’ ಅನ್ನುವುದನ್ನು ಪದಕ್ಕೆ ಪದ ಇಟ್ಟು ನೋಡಿ. ‘ಡಸ್’, ಅಂದರೆ ‘ಎಂದು’, ಬಿಟ್ಟರೆ ಉಳಿದದ್ದು ಅವನು, ನಾಳೆ, ಬರುತ್ತಾನೆ. ನಮ್ಮ ಕ್ರಮವೇ ಅದು. ನಾವು ಹುಟ್ಟಿದಾಗಿನಿಂದ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾದವರು. ಇಂಗ್ಲಿಷ್‌ಗೆ ಹೋಗಿ ಆ ತಾಳ್ಮೆ ಕಳೆದುಕೊಂಡು, ಆಮೇಲೆ ಜರ್ಮನ್‌ಗೆ ಬಂದು ಪರದಾಡುತ್ತೇವೆ.

ಇನ್ನೊಂದು. ಪತ್ರಿಕೆ, ಸಂಶೋಧನಾ ಲೇಖನಗಳಲ್ಲಿ ಬರುವ ಈ ಥರದ್ದು: ‘ಡೆರ್ ಗೆಸ್ಟರ್ನ್ ಇಮ್ ತ್ಸೂಗ್ ಫೆರ್‌ಲೋರನೆ ಶ್ಲ್ಯುಸಲ್’. ಇಂಗ್ಲಿಷ್ ಬಲ್ಲವರು ಇದನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚಬೇಕು, ಅದಕ್ಕೇ ಇದು ಬಿ2, ಸಿ1 ಪುಸ್ತಕದ ಕೊನೆಯಲ್ಲಿರುತ್ತದೆ. ಕನ್ನಡದಲ್ಲಿ ‘ನಿನ್ನೆ ರೈಲಿನಲ್ಲಿ ಕಳೆದುಹೋದ ಕೀಲಿಕೈ’. ಒಂದು ಪದವೂ ಜಾಗ ಬದಲಾಯಿಸಿಲ್ಲ, ಮುಂದೆ ಒಂದು ‘ಡೆರ್’ ಇದೆ ಅಷ್ಟೇ. ಹಾಗಾಗಿ ‘ಡೆರ್’ ಆದಮೇಲೆ ನಾಮಪದ ಬರದೆ ‘ನಿನ್ನೆ’, ‘ರೈಲಿನಲ್ಲಿ’ ಅಂತ ಶುರುವಾದರೆ ಗಾಬರಿ ಬೇಡ. ಕನ್ನಡ ಓದುವ ಹಾಗೆ ಓದುತ್ತಾ ಹೋಗಿ, ಕೀಲಿಕೈ ಕೊನೆಗೆ ಸಿಗುತ್ತದೆ.

ಉದ್ದ ವಾಕ್ಯ ಬಿಡಿಸುವುದಕ್ಕೆ ಪೆನ್ಸಿಲ್ ಹಿಡಿಯಿರಿ, ಡಿಕ್ಷನರಿ ಆಮೇಲೆ. ಜರ್ಮನ್‌ನಲ್ಲಿ ಅಲ್ಪವಿರಾಮ ಹಾಕುವುದು ಬರೆಯುವವರ ಇಷ್ಟ ಅಲ್ಲ. ಉಪವಾಕ್ಯ ಶುರುವಾದರೆ ಅಲ್ಪವಿರಾಮ ಹಾಕಲೇಬೇಕು. ಆದ್ದರಿಂದ ಒಂದೊಂದು ಅಲ್ಪವಿರಾಮದ ಹತ್ತಿರವೂ ಒಂದು ಗೆರೆ ಎಳೆಯಿರಿ. ಪ್ರತಿ ತುಂಡಿನಲ್ಲೂ ಕಾಲಕ್ಕೆ, ವ್ಯಕ್ತಿಗೆ ತಕ್ಕಂತೆ ರೂಪ ಬದಲಾದ ಕ್ರಿಯಾಪದಕ್ಕೆ ಒಂದು ಸುತ್ತು ಹಾಕಿ. ಅದು ಎರಡನೇ ಜಾಗದಲ್ಲಿದ್ದರೆ ಮುಖ್ಯ ವಾಕ್ಯ, ಕೊನೆಯಲ್ಲಿದ್ದರೆ ಉಪವಾಕ್ಯ. ಮುಖ್ಯ ವಾಕ್ಯದ ತುಂಡನ್ನು ಮೊದಲು ಓದಿ, ಉಳಿದವನ್ನು ಆಮೇಲೆ ಒಂದೊಂದಾಗಿ ಸೇರಿಸಿ. ಪಟ್ಟಿ ಮಾಡುವಾಗಲೂ ಅಲ್ಪವಿರಾಮ ಬರುತ್ತದೆ, ಹಾಗಾಗಿ ಕ್ರಿಯಾಪದ ಇಲ್ಲದ ತುಂಡು ಸಿಕ್ಕರೆ ಹಿಂದಿನದಕ್ಕೆ ಸೇರಿಸಿಬಿಡಿ. ಇನ್ನೊಂದು ಎಚ್ಚರ, ‘ಆನ್‌ರೂಫನ್’, ಅಂದರೆ ಫೋನ್ ಮಾಡುವುದು, ಥರದ ಒಡೆಯುವ ಕ್ರಿಯಾಪದಗಳು. ‘ರೂಫೆ’ ವಾಕ್ಯದ ಶುರುವಿನಲ್ಲಿ ಇದ್ದು ‘ಆನ್’ ಕೊನೆಯಲ್ಲಿ ಒಬ್ಬಂಟಿಯಾಗಿ ನಿಂತಿರುತ್ತದೆ. ಮುಖ್ಯ ವಾಕ್ಯದ ಕೊನೆಯ ಪದ ನೋಡದೆ ಕ್ರಿಯಾಪದವನ್ನು ಡಿಕ್ಷನರಿಯಲ್ಲಿ ಹುಡುಕಲೇಬೇಡಿ.

ವಿಭಕ್ತಿಗೂ ಇದೇ ಮಾತು. ಶಾಲೆಯಲ್ಲಿ ಕಲಿತ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಅಂದರೆ ಅವರ ನೊಮಿನಾಟಿವ್, ಆಕುಸಾಟಿವ್, ಡಾಟಿವ್, ಗೆನಿಟಿವ್. ‘ನನಗೆ ಚಳಿ’ ಅನ್ನುವುದು ‘ಮಿಯರ್ ಇಸ್ಟ್ ಕಲ್ಟ್’. ಇಲ್ಲೂ ಚತುರ್ಥೀ, ಅಲ್ಲೂ ಡಾಟಿವ್. ‘ಶಾಲೆಗೆ’ ಮತ್ತು ‘ಶಾಲೆಯಲ್ಲಿ’ ನಮಗೆ ಬೇರೆ ಬೇರೆ. ಅವರು ಎರಡಕ್ಕೂ ‘ಇನ್’ ಅಂತಲೇ ಹೇಳಿ, ಹೋಗುವುದಾದರೆ ಆಕುಸಾಟಿವ್, ಇರುವುದಾದರೆ ಡಾಟಿವ್ ಇಡುತ್ತಾರೆ. ವ್ಯತ್ಯಾಸ ನಮ್ಮ ಕಿವಿಗೆ ಮೊದಲೇ ಗೊತ್ತಿದೆ. ಸಹಾಯ ಮಾಡುವುದು, ಧನ್ಯವಾದ ಹೇಳುವುದು ಎರಡೂ ಕಡೆ ‘ಅವನಿಗೆ’. ಕೈಕೊಡುವ ಕಡೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾವು ‘ನಿನಗೆ’ ಫೋನ್ ಮಾಡುತ್ತೇವೆ, ಅವರ ‘ಆನ್‌ರೂಫನ್’ ಆಕುಸಾಟಿವ್ ಕೇಳುತ್ತದೆ. ನಾವು ‘ಅವನನ್ನು’ ಹಿಂಬಾಲಿಸುತ್ತೇವೆ, ಅವರ ‘ಫೊಲ್ಗನ್’ ಡಾಟಿವ್ ಕೇಳುತ್ತದೆ. ಇಂಥವು ಸಿಕ್ಕಿದಾಗೆಲ್ಲ ಆ ಹಾಳೆಗೆ ಸೇರಿಸಿ. ಅಚ್ಚಾದ ಪುಸ್ತಕ ಯಾವುದರಲ್ಲೂ ಈ ಪಟ್ಟಿ ನಿಮಗೆ ಸಿಗುವುದಿಲ್ಲ, ಯಾಕೆಂದರೆ ಅವು ಕನ್ನಡದವರಿಗಾಗಿ ಬರೆದವಲ್ಲ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ಏನೂ ಸಹಾಯ ಮಾಡುವುದಿಲ್ಲ. ನಮಗೆ ಹುಡುಗಿ ಸ್ತ್ರೀಲಿಂಗ, ಮೇಜು ನಪುಂಸಕ, ಎಲ್ಲ ಸರಳ. ಅವರ ‘ಮೇಡ್‌ಶನ್’ ಹುಡುಗಿಯಾದರೂ ನಪುಂಸಕ, ಕೊನೆಯಲ್ಲಿ ‘ಶನ್’ ಅನ್ನುವ ಪ್ರತ್ಯಯ ಇರುವುದಕ್ಕೆ. ಅದಕ್ಕೇ ಪದದ ಬಾಲ ನೋಡುವುದು ಕಲಿಯಿರಿ. ‘ಉಂಗ್’, ‘ಹೈಟ್’, ‘ಕೈಟ್’, ‘ಶಾಫ್ಟ್’, ‘ಟೇಟ್’ ಬಾಲಗಳಿದ್ದರೆ ಡೀ. ‘ಶನ್’, ‘ಲೈನ್’ ಇದ್ದರೆ ಡಾಸ್. ‘ಇಸ್ಮುಸ್’, ‘ಲಿಂಗ್’ ಇದ್ದರೆ ಡೆರ್. ಯೂನಿವರ್ಸಿಟಿ ಓದಿನಲ್ಲಿ ಬರುವ ಭಾರದ ಪದಗಳಲ್ಲಿ ಬಹಳಷ್ಟು ಈ ಬಾಲದವೇ. ಮನೆಯ ಪಾತ್ರೆಪಗಡಿಯ ಹೆಸರಿಗಿಂತ ಇವುಗಳ ಲಿಂಗ ಸುಲಭ.

ವ್ಯಾಕರಣದ ಆಳಕ್ಕೆ ಹೋಗಬೇಕಾದಾಗ ಮಾನ್‌ಹೈಮ್‌ನ ಲೈಬ್ನಿತ್ಸ್ ಜರ್ಮನ್ ಭಾಷಾ ಸಂಸ್ಥೆಯ ಗ್ರಾಮಿಸ್ ತಾಣ ಇದೆ, ಉಚಿತ. ಭಾಷಾವಿಜ್ಞಾನದ ಪರಿಭಾಷೆಗೂ ಅದೇ. ಈಗಲೇ ಅಲ್ಲ, ಮೂರನೇ ಸೆಮಿಸ್ಟರ್‌ಗೆ ಇಟ್ಟುಕೊಳ್ಳಿ. ಸೀನಿಯರ್‌ಗಳ ಹಳೆಯ ಪಟ್ಟಿಯಲ್ಲಿ ಕಾನೂನೆಟ್ ಅಂತ ಇನ್ನೊಂದು ತಾಣ ಇದ್ದರೆ ಹುಡುಕಬೇಡಿ, ಅದು 2020ರಲ್ಲೇ ಮುಚ್ಚಿತು.

ಕಾಜಾಣ:

ಮೇಷ್ಟ್ರೇ, ‘ನಿನ್ನೆ ರೈಲಿನಲ್ಲಿ ಕಳೆದುಹೋದ ಕೀಲಿಕೈ’ ಓದಿ ತಲೆ ಚಚ್ಚಿಕೊಂಡೆ. ಇದನ್ನು ನಮಗೆ ಕ್ಲಾಸಿನಲ್ಲಿ ಇಂಗ್ಲಿಷ್‌ಗೆ ತಿರುಗಿಸಿ ತಿರುಗಿಸಿ ಕಲಿಸಿದ್ದರು!

ಕೇಳುವುದರ ಬಗ್ಗೆ ನನ್ನದೊಂದಿಷ್ಟು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ‘ನಿಕೋಸ್ ವೇಗ್’ ನೋಡಿಲ್ಲದಿದ್ದರೆ ಬಿ1 ಭಾಗ ನೋಡಿ. ಸ್ಪೇನ್‌ನಿಂದ ಬಂದ ಹುಡುಗ ಬಂದ ದಿನವೇ ಬ್ಯಾಗ್ ಕಳೆದುಕೊಳ್ಳುವ ಕಥೆ, ಸಣ್ಣ ಸಣ್ಣ ವಿಡಿಯೋ, ಜೊತೆಗೆ ಅಭ್ಯಾಸ. ಎ1ರಿಂದ ಬಿ1ವರೆಗೆ ಪೂರ್ತಿ ಉಚಿತ. ಅದಾದ ಮೇಲೆ ಅದೇ ತಾಣದಲ್ಲಿ ನಿಧಾನವಾಗಿ ಓದುವ ಸುದ್ದಿ ಇದೆ, ಪಠ್ಯವೂ ಜೊತೆಗಿರುತ್ತದೆ. ಮೊದಲು ಪಠ್ಯ ನೋಡದೆ ಕೇಳಿ, ಆಮೇಲೆ ಪಠ್ಯ ನೋಡುತ್ತಾ, ಆಮೇಲೆ ಓದುವವರ ಜೊತೆ ನೀವೂ ಗಟ್ಟಿಯಾಗಿ ಓದಿ. ಸುದ್ದಿ ಬೇಜಾರಾದರೆ ತ್ಸೆಟ್‌ಡಿಎಫ್ ವಾಹಿನಿಯ ಮಕ್ಕಳ ಸುದ್ದಿ ‘ಲೋಗೋ’. ಮಕ್ಕಳಿಗಾಗಿ ಮಾಡಿದ್ದು, ಆದರೆ ಮಾತಿನ ವೇಗ ಸಹಜ. ಟಾಗೆಸ್‌ಶೌ ಅನ್ನುವ ಟಿವಿ ವಾರ್ತೆ ಕೂಡ 2024ರಿಂದ ಸರಳ ಭಾಷೆಯಲ್ಲಿ ಸುದ್ದಿ ಕೊಡುತ್ತಿದೆ.

ಸುದ್ದಿ ಕೇಳುವಾಗ ‘ಎರ್ ಹಾಬೆ’, ‘ಎಸ್ ಜೈ’ ಅಂತ ವಿಚಿತ್ರ ರೂಪಗಳು ಬರುತ್ತವಲ್ಲ, ‘ಒಂದನೇ ಕೊನ್‌ಯುಂಕ್ಟಿವ್’ ಅನ್ನುವ ಕ್ರಿಯಾರೂಪ, ಅದನ್ನು ಮೇಷ್ಟ್ರ ದಾರಿಯಲ್ಲೇ ಹಿಡಿದರೆ ನಮ್ಮ ‘ಅಂತೆ’. ಮಂತ್ರಿಗಳು ಒಪ್ಪಿದ್ದಾರಂತೆ, ಮಾತುಕತೆ ನಡೆದಿದೆಯಂತೆ. ಹೇಳಿದವರು ಬೇರೆ, ನಾನು ದಾಟಿಸುತ್ತಿದ್ದೇನೆ ಅಷ್ಟೇ. ಸರೀನಾ ಮೇಷ್ಟ್ರೇ?

ಒಂದು ಪ್ರಶ್ನೆ ನನ್ನದೂ ಇದೆ. ಡಿಗ್ರಿ ಇದ್ದರೂ ಜರ್ಮನಿಯಲ್ಲಿ ಮುಂದೆ ಓದಲು ಬೇರೆ ಪರೀಕ್ಷೆ ಬರೆಯಬೇಕಾ?

ಮೇಷ್ಟ್ರು:

‘ಅಂತೆ’ ಒಳ್ಳೆಯ ಹೋಲಿಕೆ. ಬಾಯಿಮಾತಿನ ಗಾಳಿಸುದ್ದಿಗೆ ಅವರು ಅದನ್ನು ಬಳಸುವುದು ಕಡಿಮೆ, ಬರಹದಲ್ಲಿ, ವಾರ್ತೆಯಲ್ಲಿ ಜಾಸ್ತಿ. ಅಷ್ಟು ವ್ಯತ್ಯಾಸ ಮನಸ್ಸಿನಲ್ಲಿರಲಿ.

ಪರೀಕ್ಷೆಯ ವಿಷಯ. ಜರ್ಮನ್ ಮಾಧ್ಯಮದ ಕೋರ್ಸಿಗೆ ಭಾಷೆಯ ಪುರಾವೆ ಕೇಳುತ್ತಾರೆ. ನಿಮ್ಮ ಡಿಗ್ರಿಯೇ ಸಾಕಾ ಅನ್ನುವುದನ್ನು ಆಯಾ ಯೂನಿವರ್ಸಿಟಿ ತೀರ್ಮಾನಿಸುತ್ತದೆ, ಅವರಿಗೇ ಬರೆದು ಕೇಳಿ. ಹೆಚ್ಚು ಜನ ಬರೆಯುವುದು ಟೆಸ್ಟ್‌ಡಾಫ್, 2001ರಿಂದ ನಡೆಯುತ್ತಿದೆ. ಜರ್ಮನಿಯ ಹೊರಗೂ ಬರೆಯಬಹುದು. ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಪ್ರತಿಯೊಂದಕ್ಕೂ 3, 4, 5 ಅಂತ ಮಟ್ಟ. ನಾಲ್ಕರಲ್ಲೂ 4 ಬಂದರೆ ಸಾಮಾನ್ಯವಾಗಿ ಪ್ರವೇಶಕ್ಕೆ ಸಾಕು. ಡಿಎಸ್‌ಎಚ್ ಅನ್ನುವುದು ಅಲ್ಲಿನ ಯೂನಿವರ್ಸಿಟಿಗಳೇ ನಡೆಸುವ ಪರೀಕ್ಷೆ. ಗೊಯ್ಥೆ ಇನ್‌ಸ್ಟಿಟ್ಯೂಟ್‌ನ ಎ1ರಿಂದ ಸಿ2ವರೆಗಿನದು ಇನ್ನೊಂದು ದಾರಿ. ಗೊಯ್ಥೆ, ಟೆಸ್ಟ್‌ಡಾಫ್ ಎರಡರ ಮಾದರಿ ಪ್ರಶ್ನೆಪತ್ರಿಕೆಗಳೂ ಅವರವರ ತಾಣದಲ್ಲಿ ಉಚಿತ, ಕೇಳುವ ಭಾಗದ ಧ್ವನಿ ಸಮೇತ. ಪರೀಕ್ಷೆ ಬರೆಯದವರಿಗೂ ಅವು ಒಳ್ಳೆಯ ಅಭ್ಯಾಸ.

ಡಾಡ್ ಬಗ್ಗೆಯೂ ವಿಭಾಗದಲ್ಲಿ ವಿಚಾರಿಸಿ, ಜರ್ಮನಿಯ ಆ ವಿದ್ಯಾರ್ಥಿ ವಿನಿಮಯ ಸಂಸ್ಥೆ ಬೇಸಿಗೆ ಕೋರ್ಸುಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಯ ಕೊನೆಯ ದಿನ ಕೋರ್ಸಿಗಿಂತ ಎಷ್ಟೋ ತಿಂಗಳು ಮುಂಚೆಯೇ ಇರುತ್ತದೆ. ಬೇಸಿಗೆ ಹತ್ತಿರ ಬಂದಾಗ ನೋಡೋಣ ಅಂದರೆ ಮುಗಿಯಿತು.

ನವಿಲುಗರಿ:

ಅನುವಾದದ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲಿಲ್ಲ. ಬೇಕಂತಲೇ ಬಿಟ್ಟಿರಾ?

ಹಳೆ ಬೆಂಚು:

ಬೇಕಂತಲೇ ಬಿಟ್ಟಿದ್ದೆ, ಜಗಳ ಶುರುವಾಗುತ್ತದೆ ಅಂತ.

ಡೀಪ್‌ಎಲ್ ಜರ್ಮನಿಯ ಕ್ಯೋಲ್ನ್‌ನಲ್ಲೇ ಹುಟ್ಟಿದ್ದು, ಜರ್ಮನ್ ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಅದೇ. ನೀವು ಓದಬೇಕಾದ ಕಥೆಯನ್ನು ಮೊದಲೇ ಅದರಲ್ಲಿ ಹಾಕಿದರೆ ಕಥೆ ಗೊತ್ತಾಗುತ್ತದೆ, ಜರ್ಮನ್ ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ‘ಈ ವಾಕ್ಯದಲ್ಲಿ ಲೇಖಕ ಈ ಪದ ಯಾಕೆ ಇಟ್ಟ’ ಅಂತ ಕೇಳಿದಾಗ ಸುಮ್ಮನೆ ಕೂರಬೇಕಾಗುತ್ತದೆ. ಪೆನ್ಸಿಲ್ ಹಿಡಿದು ಒಂದು ಪ್ಯಾರಾ ಬಿಡಿಸಿ, ನಿಮಗೆ ಅರ್ಥವಾದದ್ದನ್ನು ಕನ್ನಡದಲ್ಲಿ ಎರಡು ಸಾಲು ಬರೆದು, ಆಮೇಲೆ ಅನುವಾದ ತೆರೆದು ಹೋಲಿಸಿದರೆ ಅದರಿಂದ ಉಪಯೋಗ ಇದೆ. ಎಲ್ಲಿ ಬೇರೆ ಆಯಿತೋ ಆ ವಾಕ್ಯ ಮಾತ್ರ ಮತ್ತೆ ಓದಿ.

ಬರೆಯುವಾಗಲೂ ಹಾಗೇ. ಪ್ರಬಂಧ ನೀವು ಬರೆಯಿರಿ, ಡಿಡಬ್ಲ್ಯೂಡಿಎಸ್‌ನಲ್ಲಿ ಜೋಡಿಪದ ನೋಡಿ ನೀವೇ ತಿದ್ದಿ. ಚಾಟ್‌ಬಾಟ್‌ಗೆ ‘ಇದನ್ನು ತಿದ್ದಿಕೊಡು’ ಅನ್ನುವ ಬದಲು ‘ತಪ್ಪಿರುವ ಸಾಲು ಯಾವುದು ಅಂತ ಮಾತ್ರ ಹೇಳು, ಉತ್ತರ ಹೇಳಬೇಡ’ ಅಂತ ಕೇಳಬಹುದು. ಅದು ಒಮ್ಮೊಮ್ಮೆ ಸರಿ ಇರುವುದನ್ನೂ ತಪ್ಪು ಅನ್ನುತ್ತದೆ. ಹಾಗೆ ಅಂದಾಗ ವಾದ ಮಾಡುವಷ್ಟು ವ್ಯಾಕರಣ ನಿಮಗೆ ಬರುತ್ತಾ ನೋಡಿಕೊಳ್ಳಿ, ಅದೂ ಒಂದು ಅಭ್ಯಾಸವೇ. ಒಪ್ಪಿಸುವ ಕೆಲಸದಲ್ಲಿ ಇಂಥದ್ದನ್ನು ಎಷ್ಟು ಬಳಸಬಹುದು ಅನ್ನುವುದಕ್ಕೆ ನಿಮ್ಮ ವಿಭಾಗದ ನಿಯಮ ಇರುತ್ತದೆ, ಮೊದಲೇ ಓದಿಕೊಳ್ಳಿ.

ತುಂಟಗಾಳಿ:

ನನಗೆ ಒಪ್ಪಿಗೆ ಇಲ್ಲ. ಹತ್ತು ಪುಟಕ್ಕೂ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ ಕೂತರೆ ಸೆಮಿಸ್ಟರ್ ಮುಗಿಯುತ್ತದೆ. ಎರಡು ಪುಟ ಹಾಗೆ ಓದಿ, ಉಳಿದ ಎಂಟು ಪುಟ ಡಿಕ್ಷನರಿ ಮುಟ್ಟದೆ ಸರ್ರನೆ ಓದಿ. ಅರ್ಧ ಅರ್ಥವಾದರೂ ಪರವಾಗಿಲ್ಲ.

ಹಳೆ ಬೆಂಚು:

ಇದಕ್ಕೆ ಮಾತ್ರ ನಿಮ್ಮ ಜೊತೆ ಜಗಳ ಇಲ್ಲ. ನಿರೂಪಕನ ಬಗ್ಗೆ ಕೇಳುತ್ತಾರೆ ಅಂದರೆ ಆ ಎರಡು ಪುಟ ಮೊದಲನೆಯದೂ ಕೊನೆಯದೂ ಆಗಿರಲಿ.

ನವಿಲುಗರಿ:

ಸರಿ, ಹೀಗೆ ಇಟ್ಟುಕೊಳ್ಳುತ್ತೇನೆ: ಡಿಡಬ್ಲ್ಯೂಡಿಎಸ್, ಒಂದೇ ವ್ಯಾಕರಣದ ಪುಸ್ತಕ, ಕಿತ್ತಳೆ ರೆಕ್ಲಾಮ್, ನಿಧಾನದ ಸುದ್ದಿ, ಆ್ಯಂಕಿ. ಮೇಷ್ಟ್ರು ಹೇಳಿದ ಕೈಕೊಡುವ ಕ್ರಿಯಾಪದಗಳ ಹಾಳೆ ಇವತ್ತೇ ಶುರು ಮಾಡಿದ್ದೇನೆ. ‘ಆನ್‌ರೂಫನ್’, ‘ಫೊಲ್ಗನ್’ ಎರಡು ಬರೆದಾಯಿತು. ಟ್ಯಾಂಡಮ್‌ಗೆ ಕಚೇರಿಯಲ್ಲಿ ಹೆಸರು ಕೊಡುತ್ತೇನೆ ತುಂಟಗಾಳಿ ಅವರೇ, ಬೈಯಬೇಡಿ.

ಕೊನೆಯದಾಗಿ ಒಂದು ಸಣ್ಣದು. ಲೈಬ್ರರಿಯಲ್ಲಿ ಹಳೆಯ ಗ್ರಿಮ್ ಪುಸ್ತಕ ಸಿಕ್ಕಿತು, ಆದರೆ ಅಕ್ಷರವೇ ಓದಲು ಆಗುತ್ತಿಲ್ಲ. ಎಲ್ಲವೂ ಕೊಕ್ಕೆ ಕೊಕ್ಕೆಯಾಗಿದೆ. ಎಸ್ ಮತ್ತು ಎಫ್ ಒಂದೇ ಥರ ಕಾಣುತ್ತದೆ.

ಮೇಷ್ಟ್ರು:

ಅದು ಫ್ರಾಕ್ಟೂರ್ ಲಿಪಿ. 1941ರಲ್ಲಿ ಸರ್ಕಾರವೇ ಕೈಬಿಡುವವರೆಗೆ ಎಷ್ಟೋ ಜರ್ಮನ್ ಪುಸ್ತಕಗಳು ಅದರಲ್ಲೇ ಅಚ್ಚಾಗುತ್ತಿದ್ದವು. ಪದದ ನಡುವೆ ಬರುವ ಉದ್ದನೆಯ ಎಸ್‌ಗೆ ಅಡ್ಡಗೆರೆ ಬಲಕ್ಕೆ ದಾಟುವುದಿಲ್ಲ, ಎಫ್‌ಗೆ ದಾಟುತ್ತದೆ. ಅಷ್ಟು ನೋಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಪದದ ಕೊನೆಯಲ್ಲಿ ಬರುವ ಎಸ್ ಗುಂಡಗೆ ಬೇರೆಯೇ ಇರುತ್ತದೆ, ಅದರಿಂದ ಸಮಾಸಪದದಲ್ಲಿ ಒಂದು ಪದ ಎಲ್ಲಿ ಮುಗಿಯಿತು ಅನ್ನುವುದೂ ಎಷ್ಟೋ ಸಲ ಗೊತ್ತಾಗುತ್ತದೆ. ಕಾಗುಣಿತವೂ ಹಳೆಯದು, 1996ರ ಸುಧಾರಣೆಗೆ ಮುಂಚಿನದು. ‘ಡಸ್’ ಕೊನೆಯಲ್ಲಿ ಎರಡು ಎಸ್ ಬದಲು ಎಸ್‌ತ್ಸೆಟ್, ಅಂದರೆ ß ಅಕ್ಷರ, ಇರುತ್ತದೆ. ಅದನ್ನು ನೋಡಿ ನಿಮ್ಮ ಪ್ರಬಂಧದಲ್ಲಿ ಹಾಗೇ ಬರೆಯಬೇಡಿ.

ಈಗಲೇ ಅದರ ಜೊತೆ ಗುದ್ದಾಡುವುದು ಬೇಡ. ಅದೇ ಕಥೆಗಳು ಇವತ್ತಿನ ಅಕ್ಷರದಲ್ಲಿ ಪ್ರೊಯೆಕ್ಟ್ ಗುಟನ್‌ಬೆರ್ಗ್-ಡಿಇ ತಾಣದಲ್ಲಿ ಉಚಿತವಾಗಿವೆ. ಲಿಬ್ರಿವಾಕ್ಸ್‌ನಲ್ಲಿ ಓದಿ ರೆಕಾರ್ಡ್ ಮಾಡಿದ್ದೂ ಸಿಗುತ್ತದೆ. ಓದುವವರು ಸ್ವಯಂಸೇವಕರು, ಒಬ್ಬೊಬ್ಬರ ದನಿ ಒಂದೊಂದು ಥರ. ಇಷ್ಟವಾದ ದನಿ ಸಿಗುವವರೆಗೆ ಎರಡು ಮೂರು ಕೇಳಿ ನೋಡಿ.